ನಾಲ್ಕನೆಯ ಡುಬ್ಬ

ಡುಬ್ಬಣಿಗೆ ನಾಲ್ಕು ಕೆಲಸ ಬರುತ್ತವೆ. ಐದನೆಯದನ್ನು ಕಲಿಸಬೇಕೆಂದರೆ ನಾಲ್ಕರಲ್ಲಿ ಒಂದನ್ನು ಮರೆಸಬೇಕು, ಮರೆಸಬೇಕೆಂದರೆ ನನ್ನ ಹತ್ತಿರ ಬರಬೇಕು. ಊರಿನಲ್ಲಿ ಮರೆಸುವ ಕಸುಬು ಇರುವುದು ನಮ್ಮದೊಂದೇ ಮನೆಯಲ್ಲಿ. ನನ್ನ ಅಪ್ಪ ಮರೆಸುತ್ತಿದ್ದ, ಅವನ ಅಪ್ಪನೂ ಮರೆಸುತ್ತಿದ್ದ. ಜನ ಎದುರಿಗೆ ನನ್ನನ್ನು ಅಂದಾನಪ್ಪ ಎನ್ನುತ್ತಾರೆ, ಬೆನ್ನ ಹಿಂದೆ ಏನೆನ್ನುತ್ತಾರೋ ಕೇಳಲು ಹೋಗಿಲ್ಲ. ಮದುವೆಗೆ ಎಲ್ಲರನ್ನೂ ಕರೆದಾದ ಮೇಲೆ ಕೊನೆಗೆ ನನ್ನ ಮನೆಗೆ ಬರುತ್ತಾರೆ, ಅಷ್ಟು ಗೊತ್ತು.

ಡುಬ್ಬಣಿ ಬೆಕ್ಕಿಗಿಂತ ದೊಡ್ಡದು, ಕುರಿಮರಿಗಿಂತ ಗಿಡ್ಡ. ಅಗಲವಾದ ಪಾದ, ಯಾವಾಗಲೂ ಒದ್ದೆಯಾಗಿರುವ ಮೂಗು, ಬೆನ್ನ ಮೇಲೆ ಸಾಲಾಗಿ ನಾಲ್ಕು ಡುಬ್ಬ. ಒಂದು ಕೆಲಸ ಕಲಿತರೆ ಒಂದು ಡುಬ್ಬ ಏಳುತ್ತದೆ, ಮರೆತರೆ ಕೂರುತ್ತದೆ. ಮನೆಗೊಂದು ಡುಬ್ಬಣಿ. ಹಾಗಾಗಿ ನಮ್ಮಲ್ಲಿ ಹೊಸದಾಗಿ ಮದುವೆಯಾದವರು ಮೊದಲು ಜಗಳವಾಡುವುದು ಅದಕ್ಕೆ ಏನು ಕಲಿಸಬೇಕೆಂದು. ಗಂಡ ಅಂಗಡಿ ಕಾಯಲು ಕಲಿಸೋಣ ಎನ್ನುತ್ತಾನೆ, ಹೆಂಡತಿ ಕಸ ಗುಡಿಸಲಿ ಎನ್ನುತ್ತಾಳೆ. ವರ್ಷದೊಳಗೆ ಮಗು ಹುಟ್ಟುತ್ತದೆ, ತೊಟ್ಟಿಲು ತೂಗುವುದು ಬೇಕೆಂದು ಇಬ್ಬರೂ ನನ್ನ ಬಾಗಿಲಿಗೆ ಬರುತ್ತಾರೆ. ಮಗು ನಡೆಯತೊಡಗಿದ ಮೇಲೆ ತೊಟ್ಟಿಲನ್ನು ಮರೆಸಲು ಮತ್ತೆ ಬರುತ್ತಾರೆ. ಒಮ್ಮೆ ಒಬ್ಬ ದೊಡ್ಡ ಮನುಷ್ಯರ ಮೊಮ್ಮಕ್ಕಳು ಡುಬ್ಬಣಿಗೆ ಬಂದವರ ಮೇಲೆ ಉಗುಳುವುದನ್ನು ಕಲಿಸಿಬಿಟ್ಟಿದ್ದರು. ಅದನ್ನು ಮರೆಸುವಷ್ಟರಲ್ಲಿ ನಾನು ಮೂರು ಸಲ ಮುಖ ತೊಳೆದುಕೊಳ್ಳಬೇಕಾಯಿತು.

ಮರೆಸುವುದು ಮಂತ್ರವೂ ಅಲ್ಲ, ಔಷಧಿಯೂ ಅಲ್ಲ. ಆ ಮನೆಯವರೇ ಡುಬ್ಬಣಿಗೆ ಆ ಕೆಲಸ ಹೇಳಬೇಕು. ಅದು ಮಾಡಿದ ಕೂಡಲೇ ಬೆನ್ನು ತಿರುಗಿಸಿ ನಿಲ್ಲಬೇಕು. ಅದು ಮುಂದೆ ಬಂದು ಮುಖ ನೋಡಲು ಹವಣಿಸುತ್ತದೆ, ಆಗಲೂ ನೋಡಬಾರದು. ಹೀಗೆ ಏಳು ಸಲ. ಏಳನೆಯ ಸಲ ಅದು ಅಲ್ಲೇ ಕುಳಿತುಬಿಡುತ್ತದೆ, ಡುಬ್ಬ ಮೆಲ್ಲಗೆ ಇಳಿಯುತ್ತದೆ. ನಡುವೆ ಒಮ್ಮೆ ತಿರುಗಿ ನೋಡಿದರೂ ಮೊದಲಿನಿಂದ ಶುರು ಮಾಡಬೇಕು. ನನ್ನ ಕೆಲಸವೆಂದರೆ ಎಣಿಸುವುದು, ಮತ್ತು ಜನ ತಿರುಗಿ ನೋಡದಂತೆ ತಡೆಯುವುದು. ಇದರಲ್ಲಿ ಏನು ಮಹಾ ಇದೆ ಎಂದು ಕೇಳುವವರು ಬಹಳ. ಗಟ್ಟಿಮುಟ್ಟಾದ ಗಂಡಸರು ಐದನೆಯ ಸಲಕ್ಕೆ ಕುತ್ತಿಗೆ ತಿರುಗಿಸುವುದನ್ನು ನಾನು ನೋಡಿದ್ದೇನೆ.

ನಮ್ಮ ಮನೆಯ ಡುಬ್ಬಣಿಯ ಹೆಸರು ಬೂದಿ. ಅದಕ್ಕೆ ನಾಲ್ಕನ್ನೂ ಕಲಿಸಿದವಳು ನನ್ನ ಹೆಂಡತಿ ಗುರಸಿದ್ದವ್ವ. ನಾಲ್ಕೂ ನಮ್ಮ ಮಗಳು ನಿಂಬೆವ್ವನ ಸಲುವಾಗಿ. ನಿಂಬೆವ್ವನಿಗೆ ಹತ್ತನೆಯ ವಯಸ್ಸಿನಿಂದ ಮೂರ್ಛೆ ಬರುತ್ತದೆ. ನಿಂತಲ್ಲೇ ಬೀಳುತ್ತಾಳೆ, ಕೈಕಾಲು ಸೆಟೆಯುತ್ತವೆ, ಬಾಯಲ್ಲಿ ನೊರೆ. ಹಾಗಾಗಿ ಅವಳು ಬಾವಿಗೆ ಹೋಗದಿರಲೆಂದು ಬೂದಿ ನೀರು ತರುತ್ತಿತ್ತು, ಒಲೆಯ ಮುಂದೆ ಹೆಚ್ಚು ಹೊತ್ತು ಕೂರದಿರಲೆಂದು ಬೆಂಕಿ ಊದುತ್ತಿತ್ತು. ಮೂರನೆಯದೇ ದೊಡ್ಡದು. ಮೂರ್ಛೆ ಬರುವ ಸ್ವಲ್ಪ ಮೊದಲು ಅವಳ ಸೆರಗು ಕಚ್ಚಿ ಎಳೆದು ಕೂರಿಸುತ್ತಿತ್ತು, ಮಲಗಿಸುತ್ತಿತ್ತು, ತಾನು ತಲೆಯ ಕೆಳಗೆ ಅಡ್ಡ ಮಲಗುತ್ತಿತ್ತು. ಹದಿನಾಲ್ಕು ವರ್ಷದಲ್ಲಿ ಅವಳ ತಲೆ ಒಂದು ದಿನವೂ ನೆಲಕ್ಕೆ ಬಡಿದಿರಲಿಲ್ಲ. ನಾಲ್ಕನೆಯದು ಅಂಗೈ ಮೂಸುವುದು. ದಿನಕ್ಕೆ ಹತ್ತು ಸಲ ಬಂದು ಅವಳ ಅಂಗೈಯಲ್ಲಿ ಮೂಗಿಟ್ಟು ಹೋಗುತ್ತಿತ್ತು. ಅದು ತಾಯಿ ಮಗಳ ಆಟವೆಂದು ನಾನು ತಿಳಿದಿದ್ದೆ. ಗುರಸಿದ್ದವ್ವ ತೀರಿಕೊಂಡು ಮೂರು ವರ್ಷವಾದರೂ ಆಟ ನಡೆದೇ ಇತ್ತು.

ಊರಿನ ಪಡುವಣ ದಿಕ್ಕಿನಿಂದ ಮರಳು ಬರುತ್ತದೆ. ಮೊದಲು ವರ್ಷಕ್ಕೆ ಒಂದು ಮಾರು ಬರುತ್ತಿತ್ತು, ಆಮೇಲೆ ತಿಂಗಳಿಗೆ ಒಂದು ಮಾರು. ಈ ವರ್ಷ ಮೂರು ಓಣಿ ಮುಚ್ಚಿತು. ಜನ ಬಾಗಿಲುಗಳನ್ನು ಕಿತ್ತುಕೊಂಡು ಮೂಡಣಕ್ಕೆ ಬಂದು ಬೇರೆಯವರ ಪಡಸಾಲೆಯಲ್ಲಿ ಒಲೆ ಹೂಡಿದರು. ಆಗ ಊರಿನ ಹಿರಿಯ ದುಂಡಪ್ಪನವರು ಸಭೆ ಕರೆದು, ಒಡ್ಡು ಕಟ್ಟದೆ ಗತಿಯಿಲ್ಲ ಎಂದರು. ಒಡ್ಡಿನ ಮರಳು ಸಡಿಲವಿದ್ದರೆ ಗಾಳಿಗೆ ಹಾರಿಹೋಗುತ್ತದೆ, ತುಳಿದು ಗಟ್ಟಿ ಮಾಡಬೇಕು. ಮನುಷ್ಯರ ಕಾಲಿಗೆ ಅದು ಬಗ್ಗುವುದಿಲ್ಲ. ಡುಬ್ಬಣಿಯ ಅಗಲ ಪಾದಕ್ಕೆ ಬಗ್ಗುತ್ತದೆ. ಆದ್ದರಿಂದ ಪ್ರತಿ ಮನೆಯ ಡುಬ್ಬಣಿಗೂ ಮರಳು ತುಳಿಯುವುದನ್ನು ಕಲಿಸಬೇಕು, ಒಂದೂ ಬಿಡುವಂತಿಲ್ಲ ಎಂದು ತೀರ್ಮಾನವಾಯಿತು. ಕಲಿಸುವುದು ಒಡ್ಡಿನ ಮೇಸ್ತ್ರಿಯ ಪಾಲಿಗೆ ಬಂತು, ಮರೆಸುವುದು ನನ್ನ ಪಾಲಿಗೆ.

ಹದಿನೆಂಟು ದಿನ ನನ್ನ ಬಾಗಿಲಲ್ಲಿ ಜನರ ಸಾಲು. ಏನನ್ನು ಬಿಡಬೇಕೆಂದು ಮನೆಯಲ್ಲೇ ಜಗಳವಾಡಿ, ದಾರಿಯಲ್ಲಿ ಮನಸ್ಸು ಬದಲಿಸಿ, ನನ್ನ ಮುಂದೆ ಮತ್ತೆ ಜಗಳವಾಡುತ್ತಿದ್ದರು. ತಮ್ಮ ಡುಬ್ಬಣಿಗೆ ಬರುತ್ತಿದ್ದ ಹಾಡನ್ನು ಬಿಟ್ಟವರೇ ಹೆಚ್ಚು. ಹದಿನೆಂಟು ದಿನದಲ್ಲಿ ಊರು ಎಷ್ಟು ಸದ್ದಿಲ್ಲದೆ ಹೋಯಿತೆಂದರೆ ಬೆಳಿಗ್ಗೆ ನನ್ನ ಮನೆಯಿಂದ ಒಡ್ಡಿನ ಮೇಲಿನವರ ಮಾತು ಕೇಳಿಸುತ್ತಿತ್ತು. ನಮ್ಮ ಮನೆಯ ಸರದಿ ಬಂದಾಗ ನಾನು ದುಂಡಪ್ಪನವರ ಹತ್ತಿರ ಹೋಗಿ, ಮಗಳ ಸಂಗತಿ ನಿಮಗೆ ಗೊತ್ತೇ ಇದೆ, ಬೂದಿಯನ್ನು ಬಿಟ್ಟುಬಿಡಿ ಎಂದು ಕೇಳಿಕೊಂಡೆ. ಅವರು ಕೆಟ್ಟವರಲ್ಲ. ಹಣೆ ಉಜ್ಜಿಕೊಳ್ಳುತ್ತಾ ಅಂದರು.

"ಮರೆಸಾಂವನ ಮನೀದ ಬರಲಿಲ್ಲಂದ್ರ ಮಂದಿ ಏನಂತಾರ, ಅಂದಾನಪ್ಪ? ಇದರಾಗ ಏನೋ ಐತಿ ಅಂತ ಎಲ್ಲಾರೂ ತಮ್ಮತಮ್ಮವನ್ನ ಕರಕೊಂಡು ಹೋಗ್ತಾರ. ಒಡ್ಡ ಕೆಟ್ಟ ಹೊಕ್ಕೈತಿ."

ಅವರ ಮಾತು ಸುಳ್ಳಾಗಿರಲಿಲ್ಲ. ನಾನು ಮನೆಗೆ ಬಂದು ಅಂಗೈ ಮೂಸುವುದನ್ನು ಮರೆಸೋಣ ಎಂದೆ. ನೀರು ಮರೆಸಿದರೆ ಅವಳು ಬಾವಿಗೆ ಹೋಗಬೇಕು, ಬೆಂಕಿ ಮರೆಸಿದರೆ ಒಲೆಯ ಮುಂದೆ ಕೂರಬೇಕು, ಮೂರನೆಯದರ ಮಾತೇ ಇಲ್ಲ. ಉಳಿದದ್ದು ಆಟ. ಇದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿರಲಿಲ್ಲ. ನಿಂಬೆವ್ವ ಸಾಮಾನ್ಯವಾಗಿ ನನಗೆ ಎದುರು ಮಾತಾಡುವವಳಲ್ಲ. ಅವತ್ತು ಆಡಿದಳು.

"ಅದೊಂದು ಬ್ಯಾಡಪ್ಪ. ನೀರ ನಾ ತರ್ತೀನಿ."

"ಬಾವಿ ಕಟ್ಟಿ ಮ್ಯಾಲೆ ಬಿದ್ರ?"

"ಅವ್ವ ಹೇಳ್ಯಾಳ. ಅದು ಕೈ ಮೂಸಾಕ ಬಂದ್ರ ಒಲ್ಲೆ ಅನಬ್ಯಾಡ ಅಂತ."

ಯಾಕೆ ಹಾಗೆ ಹೇಳಿದಳು ಎಂದು ಕೇಳಿದೆ. ಅವಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೆ ಹಟ ಮಾಡಬಾರದು, ನಲವತ್ತು ವರ್ಷದಿಂದ ನಾನು ಈ ಕೆಲಸ ಮಾಡುತ್ತಿದ್ದೇನೆ, ನಾಲ್ಕು ಡುಬ್ಬವೆಂದರೆ ನಾಲ್ಕು ಕೆಲಸ, ಒಂದಕ್ಕೂ ಒಂದಕ್ಕೂ ಸಂಬಂಧವಿಲ್ಲ ಎಂದು ಬೈದೆ. ನಮ್ಮ ಕಸುಬಿನಲ್ಲಿ ಎಲ್ಲರೂ ತಿಳಿದಿದ್ದು ಅದೇ. ನನ್ನ ಅಪ್ಪ ನನಗೆ ಮೊದಲು ಹೇಳಿಕೊಟ್ಟ ಮಾತೂ ಅದೇ.

ಮರುದಿನ ಬೆಳಿಗ್ಗೆ ಪಡಸಾಲೆಯಲ್ಲಿ ಕೂರಿಸಿದೆ. ನಿಂಬೆವ್ವ ಅಂಗೈ ಚಾಚಿದಳು, ಬೂದಿ ಬಂದು ಮೂಸಿತು, ಅವಳು ಬೆನ್ನು ತಿರುಗಿಸಿದಳು. ಮೂರನೆಯ ಸಲಕ್ಕೆ ಬೂದಿ ಸುತ್ತು ಹಾಕಿ ಅವಳ ಮುಖದ ಮುಂದೆ ಬಂತು, ಅವಳು ಕಣ್ಣು ಮುಚ್ಚಿಕೊಂಡಳು. ಐದನೆಯ ಸಲ ಅದು ಅವಳ ಕೈಯನ್ನು ಬಿಡದೆ ಮೂಗಿನಿಂದ ಮತ್ತೆಮತ್ತೆ ತಿವಿಯಿತು. ಅವಳು ತಿರುಗಿಬಿಡುತ್ತಾಳೆ ಎನಿಸಿ ನಾನೇ ಅವಳ ಗದ್ದ ಹಿಡಿದುಕೊಂಡೆ. ಏಳು ಎಂದು ಎಣಿಸುವಾಗ ನನ್ನ ಬೆರಳು ಒದ್ದೆಯಾಗಿದ್ದವು. ಬೂದಿ ಕುಳಿತಿತು, ನಾಲ್ಕನೆಯ ಡುಬ್ಬ ಇಳಿಯಿತು. ಮುಗಿಯಿತಲ್ಲ, ಇಷ್ಟಕ್ಕೆ ಯಾಕೆ ಅಳುತ್ತೀ ಎಂದು ಅಂದೆ. ಹಾಗೆ ಅಂದದ್ದು ನನಗೆ ಚೆನ್ನಾಗಿ ನೆನಪಿದೆ.

ಮೇಸ್ತ್ರಿ ಮಧ್ಯಾಹ್ನದೊಳಗೆ ಬೂದಿಗೆ ಮರಳು ತುಳಿಯಲು ಕಲಿಸಿದ. ಕೆಲಸ ಸರಳವಾದದ್ದು: ಸಡಿಲ ಮರಳು ಕಂಡರೆ ತುಳಿಯಬೇಕು, ಗಟ್ಟಿಯಾಗುವವರೆಗೆ ಬಿಡಬಾರದು. ಇಳಿದ ಡುಬ್ಬ ಮತ್ತೆ ಎದ್ದಿತು.

ಒಂಬತ್ತು ದಿನಗಳ ಮೇಲೆ ನಿಂಬೆವ್ವ ರೊಟ್ಟಿ ಬಡಿಯುತ್ತಾ ಒಲೆಯೊಳಗೆ ಬಿದ್ದಳು. ನಾನು ಹೊರಗೆ ಒಬ್ಬರ ಡುಬ್ಬಣಿಯ ಎಣಿಕೆಯಲ್ಲಿದ್ದೆ. ಒಳಗೆ ಓಡಿ ಎಳೆದುಕೊಳ್ಳುವಷ್ಟರಲ್ಲಿ ಎಡಗೈ ಮೊಣಕೈವರೆಗೆ ಸುಟ್ಟಿತ್ತು. ಬೂದಿ ಆ ಹೊತ್ತಿಗೆ ಒಲೆಯ ಪಕ್ಕದಲ್ಲೇ ಇತ್ತು, ಬೆಂಕಿ ಊದುತ್ತಿತ್ತು. ಅವಳು ಬಿದ್ದ ಮೇಲೆ ಸೆರಗು ಎಳೆಯಿತು, ನಾನು ಅವಳನ್ನು ನೆಲಕ್ಕೆ ಮಲಗಿಸಿದಾಗ ತಲೆಯ ಕೆಳಗೆ ನುಸುಳಿ ಮಲಗಿತು. ಎಲ್ಲವನ್ನೂ ಮೊದಲಿನ ಹಾಗೆಯೇ ಮಾಡಿತು. ಯಾವಾಗ ಮಾಡಬೇಕೆಂಬುದೊಂದು ಅದಕ್ಕೆ ಗೊತ್ತಾಗಲಿಲ್ಲ.

ನಲವತ್ತು ವರ್ಷದ ಕಸುಬುದಾರ ನಾನು, ಅಷ್ಟು ದಿನವೂ ಕಣ್ಣೆದುರಿಗೆ ಇದ್ದದ್ದನ್ನು ಆವತ್ತು ಕಂಡೆ. ಅದು ಅಂಗೈ ಮೂಸಿಯೇ ಮೂರ್ಛೆ ಬರುವುದನ್ನು ತಿಳಿಯುತ್ತಿತ್ತು. ಮೂರನೆಯದು ಕೈಯ ಕೆಲಸ, ನಾಲ್ಕನೆಯದು ಅದರ ಕಣ್ಣು. ಎರಡು ಡುಬ್ಬದಲ್ಲಿ ಇದ್ದದ್ದು ಒಂದೇ ವಿದ್ಯೆ.

ಮತ್ತೆ ಕಲಿಸೋಣವೆಂದು ಅದೇ ವಾರ ನೀರು ತರುವುದನ್ನು ಮರೆಸಿ ಒಂದು ಡುಬ್ಬ ಖಾಲಿ ಮಾಡಿದೆ. ಆದರೆ ಡುಬ್ಬಣಿಗೆ ಕಲಿಸುವವರಿಗೆ ಆ ಕೆಲಸ ಬರುತ್ತಿರಬೇಕು. ನೀರು ಸೇದಲು ಬರುವವರು ನೀರು ಸೇದುವುದನ್ನು ಕಲಿಸುತ್ತಾರೆ. ನಾನು ನಿಂಬೆವ್ವನ ಅಂಗೈಗೆ ಮೂಗು ಹಚ್ಚಿ ತೋರಿಸಿದರೆ ಬೂದಿ ನನ್ನ ಮುಖ ನೋಡುತ್ತಿತ್ತು. ಬೆಲ್ಲ ಸವರಿದೆ, ಬೆಲ್ಲ ನೆಕ್ಕಿತು. ಆಗ ನನಗೆ ಹೆಂಡತಿ ನೆನಪಾದಳು. ಮಗಳ ತಲೆ ಬಾಚುವಾಗ ಗುರಸಿದ್ದವ್ವ ಅವಳ ಕೈಯನ್ನು ಹಿಡಿದು ಮೂಗಿಗೆ ಒತ್ತಿಕೊಳ್ಳುತ್ತಿದ್ದಳು, ಕೆಲವು ದಿನ ಇವತ್ತು ಹೊರಗೆ ಹೋಗಬೇಡ ಎನ್ನುತ್ತಿದ್ದಳು. ನಾನು ನಗುತ್ತಿದ್ದೆ. ಅವಳಿಗೆ ವಾಸನೆ ತಿಳಿಯುತ್ತಿತ್ತು. ತನಗೆ ತಿಳಿದದ್ದನ್ನು ಬೂದಿಗೆ ಕಲಿಸಿ ಸತ್ತಳು, ನಾನು ಅದನ್ನು ಒಂದು ಬೆಳಿಗ್ಗೆ ಏಳು ಎಣಿಸಿ ಅಳಿಸಿಹಾಕಿದೆ.

ಪಕ್ಕದ ಮನೆಯ ಬಾಳವ್ವ ಗುರಸಿದ್ದವ್ವನ ಗೆಳತಿ. ಅವಳನ್ನು ಕೇಳಿದೆ.

"ತುಕ್ಕ ಹಿಡದ ಕಬ್ಬಣ ನೆನದಂಗ ವಾಸನಿ ಬರತೈತಿ ಅಂತಿದ್ಲರಿ ಅಣ್ಣಾ," ಅಂದಳು ಬಾಳವ್ವ. "ನಿಮಗ ಹೇಳಂದ್ರ, ಅವರು ನಗ್ತಾರ ಬಿಡು ಅಂತಿದ್ಲು."

ಅವತ್ತಿನಿಂದ ನಾನು ಮೂಸತೊಡಗಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮಗಳ ಅಂಗೈ ಹಿಡಿದು ಮೂಸುತ್ತಿದ್ದೆ. ಈರುಳ್ಳಿ, ಜೋಳದ ಹಿಟ್ಟು, ಸುಟ್ಟ ಕೈಗೆ ಹಚ್ಚಿದ ಎಣ್ಣೆ. ಇದಿಷ್ಟೇ ನನಗೆ ತಿಳಿಯುತ್ತಿದ್ದದ್ದು. ಎರಡು ಸಲ ಮೂರ್ಛೆ ಬಂತು, ಎರಡು ಸಲವೂ ಮೊದಲು ನನಗೆ ಏನೂ ವಾಸನೆ ಬಂದಿರಲಿಲ್ಲ. ಒಮ್ಮೆ ಹೊಸ್ತಿಲಿಗೆ ಬಡಿದು ಹುಬ್ಬು ಒಡೆಯಿತು. ನಿಂಬೆವ್ವ ನನ್ನ ಮೇಲೆ ಸಿಟ್ಟು ಮಾಡಲಿಲ್ಲ. ಕೈಯನ್ನು ತಾನೇ ಚಾಚಿ, ಬಂತೇನಪ್ಪ ಎಂದು ಕೇಳುತ್ತಿದ್ದಳು. ಅವಳು ಬೈದಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಒಡ್ಡಿನ ಕೆಲಸ ಮಾತ್ರ ತಪ್ಪುವಂತಿರಲಿಲ್ಲ. ಬೂದಿ ನನ್ನ ಹಿಂದೆ ಬರುವುದಿಲ್ಲ, ನಿಂಬೆವ್ವ ಕಣ್ಣಿಗೆ ಕಾಣುತ್ತಿದ್ದರೆ ಮಾತ್ರ ಸಾಲಿನಲ್ಲಿ ನಿಲ್ಲುತ್ತದೆ. ಹಾಗಾಗಿ ಅವಳೂ ಹೋಗಬೇಕು, ಅವಳ ಜೊತೆ ನಾನು ಹೋಗಬೇಕು. ಒಡ್ಡಿನ ನೆತ್ತಿಯ ಮೇಲೆ ಅವಳನ್ನು ಕೂರಿಸಿ ಪಕ್ಕದಲ್ಲಿ ಕೂರುತ್ತಿದ್ದೆ. ಕೆಳಗೆ ಮರಳಿನ ಬದಿಗೆ ಇನ್ನೂರನಲವತ್ತು ಡುಬ್ಬಣಿಗಳು ಸಾಲಾಗಿ ತುಳಿಯುತ್ತಿದ್ದವು. ಹೆಂಗಸರು ಮೇಲಿನಿಂದ ಬುಟ್ಟಿಯಲ್ಲಿ ಮರಳು ಸುರಿಯುತ್ತಿದ್ದರು, ಅವು ಸದ್ದಿಲ್ಲದೆ ಅತ್ತ ಸರಿದು ತುಳಿಯುತ್ತಿದ್ದವು. ತಿಂಗಳೊಳಗೆ ಒಡ್ಡು ಎರಡು ಆಳೆತ್ತರವಾಯಿತು. ಮರಳು ನಿಂತಿತು. ಜನ ಮೊದಲ ಸಲ ಕಿಟಕಿ ತೆರೆದು ಉಂಡರು.

ಆ ದಿನ ಬೆಳಿಗ್ಗೆಯೂ ಮೂಸಿದೆ. ಏನೋ ಬಂತು. ಒದ್ದೆ ಕಬ್ಬಿಣದಂಥದ್ದು, ಸಣ್ಣಗೆ, ಬಂದು ಹೋದ ಹಾಗೆ. ಮತ್ತೆ ಮೂಸಿದೆ, ಅದೇ. ಅವಳ ಬೆರಳು ಕಪ್ಪಾಗಿದ್ದವು.

"ಹಂಚ ತಿಕ್ಕಿದೇನು?" ಎಂದು ಕೇಳಿದೆ.

"ಹೂಂ, ಈಗ ತಿಕ್ಕಿಟ್ಟೆ."

ರೊಟ್ಟಿ ಸುಡುವ ಕಬ್ಬಿಣದ ಹಂಚು ತಿಕ್ಕಿ ಬಂದ ಕೈಯಿಂದ ಕಬ್ಬಿಣದ ವಾಸನೆ ಬಾರದೆ ಮತ್ತೇನು ಬಂದೀತು ಎಂದುಕೊಂಡೆ. ಕೈ ತೊಳೆದುಕೊಂಡು ಬಾ, ಇನ್ನೊಮ್ಮೆ ನೋಡುತ್ತೇನೆ ಎನ್ನಬಹುದಿತ್ತು. ಅಷ್ಟರಲ್ಲಿ ಎಣ್ಣೆ ಗಾಣದ ಚಂಬಣ್ಣ ತನ್ನ ಡುಬ್ಬಣಿಯನ್ನು ಎತ್ತಿಕೊಂಡು ಬಾಗಿಲಿಗೆ ಬಂದ.

ಚಂಬಣ್ಣನ ಗಾಣದ ಎತ್ತು ಸತ್ತು ಎಂಟು ದಿನವಾಗಿತ್ತು. ಅವನ ಡುಬ್ಬಣಿಗೆ ಎತ್ತಿನ ಹಿಂದೆ ನಡೆದು ಅದನ್ನು ಹೊಡೆಯುವ ಕೆಲಸ ಬರುತ್ತಿತ್ತು. ಎತ್ತಿಲ್ಲದಿದ್ದರೂ ಅದು ಬೆಳಗಾದರೆ ಗಾಣದ ಸುತ್ತ ಒಂದೇ ಸಮನೆ ಸುತ್ತುತ್ತಿದೆ, ಪಾದ ಒಡೆದು ರಕ್ತ ಬರುತ್ತಿದೆ, ಇವತ್ತೇ ಮರೆಸಿಕೊಡು ಎಂದು ಕೈಮುಗಿದ. ಸಣ್ಣ ಕೆಲಸ, ಬೇಗ ಮುಗಿಯುತ್ತದೆ ಎಂದುಕೊಂಡೆ. ಬಾಳವ್ವ ಒಡ್ಡಿಗೆ ಹೊರಟಿದ್ದಳು. ನಿಂಬೆವ್ವನನ್ನೂ ಬೂದಿಯನ್ನೂ ಅವಳ ಜೊತೆ ಕಳಿಸಿ, ಹಿಂದೆಯೇ ಬರುತ್ತೇನೆ ಎಂದೆ. ಚಂಬಣ್ಣ ತಿರುಗಿ ನೋಡಿದ. ಮೊದಲಿನಿಂದ ಎಣಿಸಿದೆ, ಮತ್ತೆ ತಿರುಗಿ ನೋಡಿದ. ನಾಲ್ಕು ಸಲ ಹೀಗಾಯಿತು. ಐದನೆಯ ಸಲ ಅವನ ತಲೆಯ ಮೇಲೆ ಟವಲ್ ಹೊದಿಸಿ ಹಿಡಿದುಕೊಂಡು ಮುಗಿಸಿದೆ. ಹೊರಗೆ ಬಂದಾಗ ಬಿಸಿಲು ನೆತ್ತಿಗೆ ಬಂದಿತ್ತು.

ಒಡ್ಡಿನ ತುದಿ ಸುತ್ತಿ ಮರಳಿನ ಬದಿಗೆ ಬಂದಾಗ ದೂರದಿಂದ ಡುಬ್ಬಣಿಗಳು ಕಂಡವು. ಸಾಲು ಮುರಿದಿತ್ತು. ಎಲ್ಲವೂ ಒಂದೇ ಕಡೆ ಸೇರಿ, ಒಂದರ ಮೈಗೆ ಒಂದು ಒತ್ತಿಕೊಂಡು ತುಳಿಯುತ್ತಿದ್ದವು. ಇವತ್ತು ಚೆನ್ನಾಗಿ ಮಾಡುತ್ತಿವೆಯಲ್ಲ ಎಂದು ನಾನು ಅಂದುಕೊಂಡೆ. ದೇವರಾಣೆ, ಹಾಗೆಯೇ ಅಂದುಕೊಂಡೆ. ಆಮೇಲೆ ಬಾಳವ್ವ ಒಡ್ಡಿನ ನೆತ್ತಿಯ ಮೇಲಿನಿಂದ ಕೆಳಗೆ ಉರುಳಿಕೊಂಡು ಹೋಗುತ್ತಿರುವುದು ಕಂಡಿತು, ಜನ ಓಡುವುದು ಕಂಡಿತು.

ಬಾಳವ್ವ ನೀರು ಕುಡಿಯಲು ಹತ್ತು ಹೆಜ್ಜೆ ಆಚೆ ಹೋಗಿದ್ದಳಂತೆ. ನಿಂಬೆವ್ವ ಕುಳಿತಲ್ಲಿಂದ ಮರಳಿನ ಬದಿಗೆ ಬಿದ್ದಿದ್ದಳು. ಅವಳು ಜಾರಿದ ಕಡೆ ಒಡ್ಡಿನ ಹೊಸ ಮರಳೂ ಜಾರಿತು, ಅವಳ ಮೇಲೆ ಬಿತ್ತು. ಸಡಿಲ ಮರಳು ಕಂಡು ಡುಬ್ಬಣಿಗಳು ಬಂದು ತುಳಿದವು.

ನಾವು ಕೈಯಿಂದ ಅಗೆದೆವು. ಅಗೆದಷ್ಟೂ ಮರಳು ಸಡಿಲವಾಯಿತು, ಸಡಿಲವಾದಷ್ಟೂ ಅವು ತುಳಿದವು. ದೂಡಿದರೆ ಇನ್ನೊಂದು ಕಡೆಯಿಂದ ಬಂದವು. ಒಬ್ಬೊಬ್ಬರು ಒಂದೊಂದನ್ನು ಎತ್ತಿಕೊಂಡು ಊರ ಬದಿಗೆ ಓಡಬೇಕಾಯಿತು, ಇಟ್ಟು ಬಂದರೆ ನಮಗಿಂತ ಮೊದಲು ಅವು ತಿರುಗಿ ಬಂದಿರುತ್ತಿದ್ದವು. ದುಂಡಪ್ಪನವರು ರುಮಾಲು ಬಿಚ್ಚಿ ಐದಾರನ್ನು ಕಟ್ಟಿ ಹಿಡಿದುಕೊಂಡು ನಿಂತಿದ್ದರು. ಯಾವುದಕ್ಕೂ ಸಿಟ್ಟಿರಲಿಲ್ಲ, ಹಟವಿರಲಿಲ್ಲ. ಅವು ನಮ್ಮ ಮುಖ ನೋಡಿ ತುಳಿಯುತ್ತಿದ್ದವು, ಸರಿಯಾಗಿ ಮಾಡುತ್ತಿದ್ದೇವೆಯೇ ಎಂದು ಕೇಳುವ ಹಾಗೆ. ಅವುಗಳಲ್ಲಿ ಬೂದಿ ಎಲ್ಲಿದೆ ಎಂದು ನಾನು ಹುಡುಕಿದೆ. ಸಿಕ್ಕಿದ್ದರೆ ಅದರ ಕತ್ತು ಹಿಸುಕುತ್ತಿದ್ದೆ. ಆ ಗುಂಪಿನಲ್ಲಿ ಅದು ಇರಲಿಲ್ಲ.

ಅದು ಅವಳ ತಲೆಯ ಕೆಳಗಿತ್ತು. ಬಿದ್ದವಳ ಹತ್ತಿರ ಓಡಿಹೋಗಿ, ಹೇಳಿಕೊಟ್ಟ ಹಾಗೆ ಅಡ್ಡ ಮಲಗಿ, ಮರಳು ಬಿದ್ದಾಗಲೂ ಏಳದೆ ಹಾಗೆಯೇ ಇತ್ತು. ಮೇಲಿನ ಮರಳೂ ಸಡಿಲವೇ ಆಗಿತ್ತು, ಅದಕ್ಕೂ ತುಳಿಯುವುದು ಬರುತ್ತಿತ್ತು. ತುಳಿದಿರಲಿಲ್ಲ. ಇಬ್ಬರ ಮೈಯೂ ಇನ್ನೂ ಬಿಸಿ ಇತ್ತು, ಉಸಿರು ಯಾರಲ್ಲಿಯೂ ಇರಲಿಲ್ಲ. ನಾನು ಮಗಳ ಬಾಯಿಯಿಂದ ಮರಳು ತೆಗೆದೆ, ಕಣ್ಣಿನಿಂದ ತೆಗೆದೆ, ಕಿವಿಯಿಂದ ತೆಗೆದೆ. ಎಷ್ಟು ತೆಗೆದರೂ ಇತ್ತು. ಬಾಳವ್ವ ನನ್ನ ಕೈ ಹಿಡಿದು ಸಾಕು ಎಂದಳು.

ಅವಳನ್ನು ಊರ ಬದಿಗೆ ತಂದು ಮಲಗಿಸಿದಾಗ ಗಾಳಿ ಏಳತೊಡಗಿತ್ತು. ನಾವು ಅಗೆದ ಕಡೆ ಒಡ್ಡು ಎದೆಯೆತ್ತರ ಬಾಯಿಬಿಟ್ಟಿತ್ತು, ಅದರ ಮೂಲಕ ಮರಳು ಎಳೆಎಳೆಯಾಗಿ ಓಣಿಯೊಳಗೆ ಬರುತ್ತಿತ್ತು. ಎಲ್ಲರೂ ಅದನ್ನು ನೋಡುತ್ತಿದ್ದರು. ಒಬ್ಬೊಬ್ಬರ ತೋಳಿನಲ್ಲೂ ಒಂದೊಂದು ಡುಬ್ಬಣಿ ಒದ್ದಾಡುತ್ತಿತ್ತು, ಅದರ ಕಣ್ಣು ಆ ಗುಂಡಿಯ ಮೇಲೆ. ದುಂಡಪ್ಪನವರು ಬರಿದಲೆಯಲ್ಲಿ ನನ್ನ ಮುಂದೆ ಬಂದು ನಿಂತರು. ಅವರು ಏನು ಕೇಳಬೇಕಾಗಿದೆ ಎಂದು ನನಗೂ ಗೊತ್ತಿತ್ತು, ಊರಿಗೂ ಗೊತ್ತಿತ್ತು. ಆ ಓಣಿಯಲ್ಲಿ ಹನ್ನೊಂದು ಮನೆ, ಒಂದು ಮನೆಯಲ್ಲಿ ಬಾಣಂತಿ.

"ಬಿಡ್ರಿ ಅವನ್ನ," ಅಂದೆ.

ಅವರು ಬಿಟ್ಟರು. ಅವು ಓಡಿಹೋಗಿ ಗುಂಡಿಗೆ ಇಳಿದವು, ಹೆಂಗಸರು ಅಳುತ್ತಾ ಮೇಲಿನಿಂದ ಮರಳು ಸುರಿದರು. ನಾನು ನಿಂಬೆವ್ವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ತುಳಿಯುವ ಸದ್ದು ಮೊದಲು ಮೆತ್ತಗಿತ್ತು, ಬರಬರುತ್ತಾ ದಪ್ಪವಾಯಿತು. ಕತ್ತಲಾಗುವ ಮೊದಲು ಒಡ್ಡು ಗಟ್ಟಿಯಾಯಿತು.